ಹುಬ್ಬಳ್ಳಿ-ಧಾರವಾಡಕ್ಕೆ ಎಂಥ ಇ-ಸೈಕಲ್ ಬೇಕು?

ಅಂಗಡಿಯವರು ಮೊದಲು ಹೇಳೋದೇ ‘ಒಂದು ಚಾರ್ಜಿಗೆ ಇಷ್ಟು ಕಿ.ಮೀ.’ ಅಂತ. ಅದನ್ನು ಬದಿಗಿಟ್ಟು ಬ್ಯಾಟರಿಯ ವೋಲ್ಟ್, ಎಎಚ್ (ಆಂಪಿಯರ್-ಅವರ್) ಎರಡನ್ನೂ ಕೇಳಿ, ಗುಣಿಸಿ. 36 ವೋಲ್ಟ್, 10 ಎಎಚ್ ಅಂದರೆ 360 ವ್ಯಾಟ್-ಅವರ್, ಬ್ಯಾಟರಿ ಹಿಡಿಯುವ ಒಟ್ಟು ವಿದ್ಯುತ್ ಅಷ್ಟು. ಪೆಡಲ್ ತುಳಿಯುತ್ತ ಹೋದರೆ ಕಿ.ಮೀ.ಗೆ ಸುಮಾರು 10 ವ್ಯಾಟ್-ಅವರ್ ಖರ್ಚು. ಪೆಡಲ್ ಬಿಟ್ಟು ಬರೀ ಥ್ರಾಟಲ್ (ಹ್ಯಾಂಡಲಿನ ಎಕ್ಸಲರೇಟರ್) ತಿರುವಿದರೆ 15ರಿಂದ 20. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿ.ಮೀ., ಅದೂ ಏರು. ಹೋಗುವಾಗಲೇ ಬ್ಯಾಟರಿ ಹೆಚ್ಚು ಇಳಿಯುತ್ತದೆ. ಪೆಡಲ್ ತುಳಿಯುತ್ತ ದಿನಾ ಹೋಗಿ ಬರುವವರೂ 36 ವೋಲ್ಟಿನಲ್ಲಿ 14 ಎಎಚ್‌ಗಿಂತ ಕಡಿಮೆಯದ್ದು ನೋಡಲೇಬೇಡಿ. ಹುಬ್ಬಳ್ಳಿಯೊಳಗೇ ವಿದ್ಯಾನಗರ-ಉಣಕಲ್ ಓಡಾಟಕ್ಕೆ 7-8 ಎಎಚ್ ಸಾಕು.

ಮೋಟರ್ 250 ವ್ಯಾಟ್, ವೇಗ ತಾಸಿಗೆ 25 ಕಿ.ಮೀ. ಮಿತಿಯೊಳಗಿದ್ದರೆ ನೋಂದಣಿ, ಲೈಸೆನ್ಸ್ ಬೇಕಿಲ್ಲ. ‘ವೇಗದ ಲಾಕ್ ತೆಗೆದು 40 ಓಡೋ ಹಂಗ ಮಾಡಿ ಕೊಡ್ತೀವ್ರಿ’ ಅಂದರೆ ಒಪ್ಪಬೇಡಿ, ಆ ವಿನಾಯಿತಿ ಹೋಗುತ್ತದೆ.

ಪಂಕ್ಚರ್ ವಿಷಯ ಯಾರೂ ಕೇಳೋದಿಲ್ಲ. ಹಬ್ ಮೋಟರ್ (ಚಕ್ರದ ನಡುವೆಯೇ ಕೂತ ಮೋಟರ್) ಹಿಂದಿನ ಚಕ್ರದಲ್ಲಿದ್ದರೆ, ವೈರಿನ ಕನೆಕ್ಟರ್ ಕೈಗೆ ಸಿಗುವಂತಿದೆಯೇ ನೋಡಿ. ಇಲ್ಲದಿದ್ದರೆ ಚಕ್ರ ಬಿಚ್ಚುವುದೇ ದೊಡ್ಡ ಕೆಲಸ. ತಿರುಗಿ ಹಾಕುವಾಗ ಟಾರ್ಕ್ ವಾಷರ್ (ಆಕ್ಸಲ್ ತಿರುಗದಂತೆ ಹಿಡಿಯುವ ವಾಷರ್) ಮರೆತರೆ, ಅಥವಾ ನಟ್ಟು ಸಡಿಲ ಬಿಟ್ಟರೆ, ಆಕ್ಸಲ್ಲೇ ತಿರುಗಿ ವೈರ್ ಹರಿಯುತ್ತದೆ. ಆಮೇಲೆ ಹೊಸ ಮೋಟರಿನ ಮಾತು!

ನಮ್ಮ ಎರಿ ಮಣ್ಣಿಗೆ ಮಡ್‌ಗಾರ್ಡ್ ಮತ್ತು ಟಯರ್ ನಡುವೆ ಎರಡು ಬೆರಳು ಜಾಗವಾದರೂ ಬೇಕು. ಕೆಸರು ತುಂಬಿ ಚಕ್ರ ಬಿಗಿದಾಗ ಥ್ರಾಟಲ್ ಕೊಟ್ಟರೆ ಕಂಟ್ರೋಲರ್ (ಮೋಟರಿಗೆ ಕರೆಂಟ್ ಹದಮಾಡಿ ಕೊಡುವ ಪೆಟ್ಟಿಗೆ) ಬಿಸಿಯಾಗುತ್ತದೆ. ಇಳಿದು ಕಡ್ಡಿಯಿಂದ ಕೆರೆದು ತೆಗೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ನೀರು ಮಾತ್ರ ಬೇಡ, ಹಬ್ಬಿನೊಳಗೆ ನುಗ್ಗುತ್ತದೆ.

ಬ್ಯಾಟರಿ ಬಿಚ್ಚಿ ಮನೆಯೊಳಗೆ ಒಯ್ಯುವಂಥದ್ದೇ ಇರಲಿ. ಏಪ್ರಿಲ್ ಬಿಸಿಲಲ್ಲಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಅರ್ಧ ತಾಸು ಆರಲಿ.