ಎಲ್ಲರ ಕಮಾನೂ ಒಟ್ಟಿಗೆ

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ಮೊದಲು ನೆನಪಾಗಿದ್ದು ಮಹಡಿಯ ಕೊನೇ ಕೋಣೆ. ನೆಲಕ್ಕೆ ಜಮಖಾನ, ಗೋಡೆ ಪಕ್ಕ ಸಾಲಾಗಿ ಆರು ಪಿಟೀಲು, ಒಂದು ಶ್ರುತಿಪೆಟ್ಟಿಗೆ, ಮೂಲೆಯಲ್ಲಿ ಮೃದಂಗ. ಪಿಟೀಲು ಮೇಷ್ಟ್ರು ಬರುವ ಮುಂಚೆ ನಾವು ಕಮಾನಿಗೆ ರೋಸಿನ್ ತಿಕ್ಕಿ ತಿಕ್ಕಿ ಜಮಖಾನದ ಮೇಲೆಲ್ಲಾ ಬಿಳಿ ಪುಡಿ ಉದುರಿಸುತ್ತಿದ್ದೆವು. ಅಷ್ಟು ತಿಕ್ಕುವ ಅಗತ್ಯ ಏನೂ ಇರಲಿಲ್ಲ. ಅದೊಂದು ಆಟ, ಅಷ್ಟೇ.

ವಾರ್ಷಿಕೋತ್ಸವಕ್ಕೆ ನಮ್ಮ ವಾದ್ಯವೃಂದ ಇರಲೇಬೇಕು. ಮೇಷ್ಟ್ರು ತಾವು ನುಡಿಸುತ್ತಿರಲಿಲ್ಲ. ಪರದೆಯ ಮರೆಯಲ್ಲಿ ನಿಂತು, ತೊಡೆ ಮೇಲೆ ತಾಳ ಹಾಕುತ್ತಾ, ತಪ್ಪಿದವರ ಕಡೆ ಕಣ್ಣು ಬಿಡುತ್ತಿದ್ದರು. ದಸರಾದಲ್ಲಿ ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ನುಡಿಸುವಾಗ ಕೋಲು ಹಿಡಿದು ನಿಂತವರನ್ನು ನೋಡಿದಾಗಲೂ ನನಗೆ ಅನ್ನಿಸುತ್ತಿದ್ದದ್ದು ಒಂದೇ: ಪುಣ್ಯವಂತರು, ಹೊರೋಕೆ ವಾದ್ಯಾನೇ ಇಲ್ಲ!

ತಾನು ನುಡಿಸದೆ ಎಲ್ಲರಿಂದ ನುಡಿಸುವ ಈ ಕೆಲಸದ ಕಷ್ಟ ತಿಳಿದದ್ದು ತುಂಬಾ ತಡವಾಗಿ, ಅದೂ ಲಾಸ್ ಏಂಜಲೀಸ್‌ನಲ್ಲಿ.

1990ರಲ್ಲಿ ಎಂ.ಎಸ್. ಓದಲು ಅಲ್ಲಿನ ವಿಶ್ವವಿದ್ಯಾಲಯವಾದ ಯುಸಿಎಲ್‌ಎಗೆ ಹೋದೆ. ನನ್ನ ಜೊತೆ ರೂಮಿನಲ್ಲಿದ್ದ ಹುಡುಗ ವಯೋಲಾ ನುಡಿಸುತ್ತಿದ್ದ, ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯ. ಇವತ್ತು ನಮ್ಮ ಆರ್ಕೆಸ್ಟ್ರಾ ಇದೆ, ರಾಯ್ಸ್ ಹಾಲ್‌ಗೆ ಬಾ ಅಂದ. ಟಿಕೆಟ್ ಇಲ್ಲ, ಪುಕ್ಕಟೆ ಅಂತ ಗೊತ್ತಾದ ಮೇಲೆ ನಾನೂ ಜಾಸ್ತಿ ನೆಪ ಹೇಳಲಿಲ್ಲ. ಎರಡು ಗೋಪುರಗಳ ಇಟ್ಟಿಗೆ ಕಟ್ಟಡ ಅದು, 1929ರದ್ದು. ವೇದಿಕೆ ತುಂಬಾ ನನ್ನ ವಯಸ್ಸಿನ ಹುಡುಗ ಹುಡುಗಿಯರು. ಚಪ್ಪಾಳೆಯ ನಡುವೆ ಒಬ್ಬ ಅಜ್ಜ ನಡೆದು ಬಂದರು. ಎಂಬತ್ತು ದಾಟಿದವರು. ಆರ್ಕೆಸ್ಟ್ರಾ ನಡೆಸುವವರು ಅವರೇ: ನಮ್ಮ ಬೊಂಬಾಯಿಯ ಪಾರ್ಸಿ, ಮೆಹ್ಲಿ ಮೆಹ್ತಾ.

ಜೂಬಿನ್ ಮೆಹ್ತಾ ಹೆಸರು ನಮ್ಮಲ್ಲಿ ಬಹಳ ಜನ ಕೇಳಿದ್ದಾರೆ. ಇವರು ಜೂಬಿನ್ ಅವರ ತಂದೆ. ಹುಟ್ಟಿದ್ದು 1908ರಲ್ಲಿ. ಬೊಂಬಾಯಿಯಲ್ಲಿ ಪಿಟೀಲು ಕಲಿತು 1935ರಲ್ಲಿ ಬಾಂಬೆ ಸಿಂಫನಿ ಅನ್ನುವ ಆರ್ಕೆಸ್ಟ್ರಾ ಕಟ್ಟಿದರು. ಸಿಂಫನಿಗೆ ಬೇಕಾದಷ್ಟು ಜನ ಆಗ ಅಲ್ಲಿ ಎಲ್ಲಿದ್ದರು? ಪಾರ್ಸಿಗಳು, ಸಿನಿಮಾ ಸ್ಟುಡಿಯೋಗಳಲ್ಲಿ ನುಡಿಸುತ್ತಿದ್ದ ಗೋವಾದವರು, ಊದುವ ವಾದ್ಯಗಳಿಗೆ ನೌಕಾಪಡೆಯ ಬ್ಯಾಂಡಿನವರು, ಹೀಗೆ ಸಿಕ್ಕಿದವರನ್ನು ಕೂಡಿಸಿದ ಮೇಳ ಅದು. ಮೂವತ್ತೇಳನೇ ವಯಸ್ಸಿಗೆ ಸಂಸಾರವನ್ನು ಊರಲ್ಲೇ ಬಿಟ್ಟು ನ್ಯೂಯಾರ್ಕಿಗೆ ಹೋಗಿ ಪಿಟೀಲು ಗುರು ಇವಾನ್ ಗಲಾಮಿಯನ್ ಹತ್ತಿರ ಮತ್ತೆ ಶಿಷ್ಯರಾದರು. ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ. ಆಮೇಲೆ ಮ್ಯಾಂಚೆಸ್ಟರಿನ ಹ್ಯಾಲೆ ಆರ್ಕೆಸ್ಟ್ರಾ, ಫಿಲಡೆಲ್ಫಿಯಾದ ಕರ್ಟಿಸ್ ಕ್ವಾರ್ಟೆಟ್ ಅನ್ನುವ ನಾಲ್ವರ ಮೇಳ, ಇವುಗಳಲ್ಲಿ ನುಡಿಸಿದರು. 1964ರಲ್ಲಿ ಯುಸಿಎಲ್‌ಎಗೆ ಬಂದರು. ಆಗ ಮಗ ಅದೇ ಊರಿನ ದೊಡ್ಡ ಆರ್ಕೆಸ್ಟ್ರಾ, ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್ ನಡೆಸುತ್ತಿದ್ದ. ಅಪ್ಪ ಹುಡುಗ ಹುಡುಗಿಯರನ್ನು ಕೂಡಿಸಿಕೊಂಡು ಅಮೆರಿಕನ್ ಯೂತ್ ಸಿಂಫನಿ ಶುರು ಮಾಡಿದರು. ನನ್ನ ಗೆಳೆಯ ನುಡಿಸುತ್ತಿದ್ದದ್ದು ಇದರಲ್ಲೇ.

ಅವತ್ತು ನಾನು ಸಂಗೀತಕ್ಕಿಂತ ಜಾಸ್ತಿ ಕೈಗಳನ್ನೇ ನೋಡಿದೆ. ಮೊದಲು ಓಬೋ ಅನ್ನುವ ಊದುವ ವಾದ್ಯ ಒಂದು ಸ್ವರ ಹಿಡಿಯಿತು, ಮಿಕ್ಕವರೆಲ್ಲ ಅದಕ್ಕೆ ಶ್ರುತಿ ಕೂಡಿಸಿಕೊಂಡರು. ನಮ್ಮ ಶ್ರುತಿಪೆಟ್ಟಿಗೆ ಮಾಡುವ ಕೆಲಸ. ಇಬ್ಬಿಬ್ಬರಿಗೆ ಒಂದು ಸ್ಟ್ಯಾಂಡು. ಹಾಳೆ ಮಗುಚುವುದು ಒಳಗಡೆ ಕೂತವನ ಪಾಲಿಗೆ. ಅವನು ಒಂದು ಕ್ಷಣ ನುಡಿಸುವುದು ಬಿಟ್ಟು, ಹಾಳೆ ತಿರುವಿ, ಏನೂ ಆಗದವನಂತೆ ಮತ್ತೆ ಸೇರಿಕೊಳ್ಳುತ್ತಿದ್ದ. ಅಷ್ಟೂ ಪಿಟೀಲುಗಳ ಕಮಾನು ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ. ಭತ್ತದ ಗದ್ದೆ ಮೇಲೆ ಗಾಳಿ ಹೋದ ಹಾಗೆ. ಮೊದಲ ಭಾಗ ಮುಗಿದಾಗ ನಾನೊಬ್ಬನೇ ಜೋರಾಗಿ ಚಪ್ಪಾಳೆ ತಟ್ಟಿದೆ. ಇನ್ನೂ ಮೂರು ಭಾಗ ಬಾಕಿ ಇತ್ತಂತೆ. ಪಕ್ಕದ ಹೆಂಗಸು ನಕ್ಕರು. ನಾನು ಕೈ ಜೇಬಿಗೆ ಹಾಕಿಕೊಂಡೆ.

ವಾಪಸ್ ಬರುವಾಗ ಗೆಳೆಯ ಹೇಳಿದ: ಮುಂದಿನ ವರ್ಷ ಇವರಲ್ಲಿ ಎಷ್ಟೋ ಜನ ಇರಲ್ಲ, ದೊಡ್ಡ ಆರ್ಕೆಸ್ಟ್ರಾಗಳಿಗೆ ಹೋಗುತ್ತಾರೆ. ಚೆನ್ನಾಗಿ ನುಡಿಸುವವರೇ ಮೊದಲು ಹೊರಡೋದು. ಆಗ ಥಟ್ಟನೆ ನಮ್ಮ ಮಹಡಿ ಕೋಣೆ ನೆನಪಾಯಿತು. ಹತ್ತನೇ ಕ್ಲಾಸಿನವರು ಒಂದು ಹದಕ್ಕೆ ಬರುವಷ್ಟರಲ್ಲಿ ಪರೀಕ್ಷೆ, ಬೀಳ್ಕೊಡುಗೆ. ಜೂನ್‌ನಲ್ಲಿ ಮೇಷ್ಟ್ರು ಐದನೇ ಕ್ಲಾಸಿನ ಮಕ್ಕಳನ್ನು ಕೂರಿಸಿಕೊಂಡು ಮತ್ತೆ ಮಾಯಾಮಾಳವಗೌಳ, ಮತ್ತೆ ಸರಳೆ ವರಸೆ. ಮೆಹ್ಲಿ ಮೆಹ್ತಾ ಇದನ್ನು ಮೂವತ್ತಮೂರು ವರ್ಷ ಮಾಡಿದರು. 1998ರಲ್ಲಿ ಬಿಟ್ಟಾಗ ಅವರಿಗೆ ತೊಂಬತ್ತು ತುಂಬುತ್ತಿತ್ತು. 2002ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಆ ಮೇಳವೂ 2024ರಲ್ಲಿ ಬಾಗಿಲು ಹಾಕಿತು. ಸುದ್ದಿ ಓದಿದ ದಿನ ಏನೂ ಕೆಲಸ ಓಡಲಿಲ್ಲ. ನಾನೇನು ಅಲ್ಲಿ ನುಡಿಸಿದವನಲ್ಲ, ಆದರೂ.

ಆ ಮೊದಲ ಸಲದ ರಾತ್ರಿಯೇ ಮೇಷ್ಟ್ರಿಗೆ ಏರೋಗ್ರಾಂ ಬರೆದಿದ್ದೆ. ಮೂರು ವಾರಕ್ಕೆ ಉತ್ತರ ಬಂತು. ಯಾವ ರಾಗ, ಯಾವ ತಾಳ ಅಂತೆಲ್ಲ ಕೇಳಿರಲಿಲ್ಲ. ಅಷ್ಟು ಜನರ ಕಮಾನು ಒಟ್ಟಿಗೆ ಹೋಗುವುದು ಹೇಗೆ ಅಂತ ಕೇಳಿದ್ದರು. ಗೆಳೆಯನ ಹಾಳೆ ನೋಡಿ ಬರೆದು ಕಳಿಸಿದೆ. ಪೆನ್ಸಿಲ್ಲಿನಲ್ಲಿ ಸ್ವರದ ಮೇಲೆ ಗುರುತು ಹಾಕಿಕೊಳ್ಳುತ್ತಾರೆ ಸಾರ್. ಕಮಾನು ಕೆಳಗೆ ಎಳೆಯೋದಕ್ಕೆ ಬೋರಲು ಹಾಕಿದ ಡಬ್ಬಿಯ ಹಾಗೆ ಒಂದು ಗುರುತು, ಮೇಲಕ್ಕೆ ತಳ್ಳೋದಕ್ಕೆ ಇಂಗ್ಲಿಷಿನ ವಿ.

1992ರ ಡಿಸೆಂಬರಿನಲ್ಲಿ ಊರಿಗೆ ಬಂದಾಗ ಶಾಲೆಗೆ ಹೋದೆ. ಮೇಷ್ಟ್ರು ಆಫೀಸಿಗೆ ಹೋಗಿದ್ದರು. ಜಮಖಾನದ ಮೇಲೆ ಮಕ್ಕಳ ಪುಸ್ತಕಗಳು ತೆರೆದೇ ಇದ್ದವು. ನಮ್ಮ ಕಾಲದಲ್ಲಿ ಸರಳೆ ವರಸೆ ದಾಟಿ ಕೃತಿಗೆ ಬಂದಮೇಲೆ ಕಮಾನು ಅವರವರ ಇಷ್ಟ. ಈಗ ಪ್ರತಿ ಪುಸ್ತಕದಲ್ಲೂ ಸ್ವರಗಳ ಮೇಲೆ ಪೆನ್ಸಿಲ್ ಗುರುತು: ಡಬ್ಬಿ, ವಿ, ಡಬ್ಬಿ, ವಿ. ಒಂದು ಕಡೆ ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತಾಗಿತ್ತು. ಅದರ ಪಕ್ಕದಲ್ಲಿ ಮೇಷ್ಟ್ರ ಅಕ್ಷರದಲ್ಲಿ ಮತ್ತೆ ಒಂದು ವಿ.