ಸ್ಕಾಟ್ಲೆಂಡ್ ಸುತ್ತುವ ವ್ಯಾನಿಗೆ ಆನಿಂಗ್: ಮಳೆಗಿಂತ ಗಾಳಿ ನೋಡಿ ಕೊಳ್ಳಿ

ಬ್ರಿಟನ್ನಿನಲ್ಲಿದ್ದು, ಬೇಸಿಗೆಗೆ ಊರಿಂದ ಹಿರಿಯರು ಬಂದಾಗ ಕ್ಯಾಂಪರ್‌ವ್ಯಾನಿನಲ್ಲಿ ನಾರ್ತ್ ಕೋಸ್ಟ್ 500 ಸುತ್ತಿಸಬೇಕು ಅಂದುಕೊಂಡಿದ್ದರೆ ಇದು ನಿಮಗಾಗಿ. ಇನ್ವರ್ನೆಸ್‌ನಿಂದ ಹೊರಟು ಸ್ಕಾಟ್ಲೆಂಡಿನ ಉತ್ತರ ಕರಾವಳಿ ಬಳಸಿ ಅಲ್ಲಿಗೇ ವಾಪಸ್ ಬರುವ ದಾರಿ ಇದು. ಒಟ್ಟು 516 ಮೈಲಿ. ನೋಡುವ ಜಾಗಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ನಾನು ಹೇಳಹೊರಟಿದ್ದು ಆನಿಂಗ್ ಬಗ್ಗೆ, ಅಂದರೆ ವ್ಯಾನಿನ ಪಕ್ಕಕ್ಕೆ ಜೋಡಿಸುವ ಚಪ್ಪರದ ಬಗ್ಗೆ.

ನಮ್ಮದು ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್. ಮಾವನಿಗೆ ಮಂಡಿನೋವು, ಮೇಲಿನ ಹಾಸಿಗೆ ಹತ್ತುವ ಹಾಗಿಲ್ಲ. ಹಾಗಾಗಿ ಕೆಳಗೆ ಅತ್ತೆ ಮಾವ, ಮೇಲೆ ಮಗಳು. ನಾವಿಬ್ಬರು ಆನಿಂಗಿನೊಳಗಿನ ಪುಟ್ಟ ಮಲಗುವ ಕೋಣೆಯಲ್ಲಿ. ಸಾಮಾನು, ಒದ್ದೆ ಬೂಟು, ಮಳೆಕೋಟು ಎಲ್ಲವೂ ಅಲ್ಲೇ.

ಆನಿಂಗಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ವ್ಯಾನಿಗೇ ಕೂರಿಸಿದ್ದು. ಹಿಡಿ ತಿರುಗಿಸಿದರೆ ಚಾಚಿಕೊಳ್ಳುತ್ತದೆ, ಎರಡೇ ನಿಮಿಷದ ಕೆಲಸ. ಆದರೆ ಗೋಡೆ ಇರುವುದಿಲ್ಲ, ಗಾಳಿ ಎದ್ದರೆ ಸುತ್ತಿಡಲೇಬೇಕು. ಸ್ಪೇನ್ ಕಡೆ ಹೋಗುವವರಿಗೆ ಅದೇ ಸಾಕು. ಇನ್ನೊಂದು ಡ್ರೈವ್-ಅವೇ. ಇದು ಟೆಂಟಿನ ಹಾಗೆ ತಾನಾಗೇ ನಿಲ್ಲುತ್ತದೆ. ಅದನ್ನು ಬಿಚ್ಚಿ ಅಲ್ಲೇ ಬಿಟ್ಟು ವ್ಯಾನ್ ತೆಗೆದುಕೊಂಡು ಹೋಗಬಹುದು. ಹಿರಿಯರು ಜೊತೆಗಿದ್ದರೆ ಇದೇ ಸರಿ. ನಾವು ಹಾಲು ಬ್ರೆಡ್ ತರಲು ಹೋದಾಗ ಮಾವ ಒಳಗೆ ಕುರ್ಚಿ ಹಾಕಿಕೊಂಡು ಆರಾಮಾಗಿ ಕೂತಿರುತ್ತಿದ್ದರು.

ಅಂಗಡಿಯವರು ಮೊದಲು ತೋರಿಸುವುದು ನೀರು ತಡೆಯುವ ಅಂಕಿ, ಅಂದರೆ ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಡೆದೀತು ಅನ್ನುವ ಲೆಕ್ಕ. 3000 ಮಿಲಿಮೀಟರ್ ಇದ್ದರೆ ಧಾರಾಳ ಸಾಕು, ಅದಕ್ಕಿಂತ ಜಾಸ್ತಿಗೆ ದುಡ್ಡು ಸುರಿಯಬೇಡಿ. ಹೊಲಿಗೆಗಳ ಮೇಲೆ ಟೇಪ್ ಇದೆಯಾ ನೋಡಿಕೊಳ್ಳಿ. ಬೆಳಿಗ್ಗೆ ಎದ್ದಾಗ ಬಟ್ಟೆಯ ಒಳಮೈಯಲ್ಲಿ ಹನಿ ಕಂಡರೆ ಸೋರುತ್ತಿದೆ ಅಂತ ಗಾಬರಿಯಾಗಬೇಡಿ. ಅದು ನಮ್ಮದೇ ಉಸಿರು. ಗಾಳಿಕಿಂಡಿ ತೆರೆದಿಟ್ಟರೆ ಕಡಿಮೆಯಾಗುತ್ತದೆ.

ಇಲ್ಲಿಯ ಮಳೆ ಮೇಲಿನಿಂದ ಬೀಳುವುದಕ್ಕಿಂತ ಪಕ್ಕದಿಂದ ಬರುವುದೇ ಹೆಚ್ಚು. ಎರಚಲು ನುಗ್ಗುವುದು ವ್ಯಾನ್ ಮತ್ತು ಆನಿಂಗ್ ಸೇರುವ ಸಂದಿಯಲ್ಲಿ, ಆಮೇಲೆ ವ್ಯಾನಿನ ಅಡಿಯಿಂದ. ಹಾಗಾಗಿ ವ್ಯಾನಿನ ಮೇಲಂಚಿನಲ್ಲಿ ರೈಲು, ಅಂದರೆ ಉದ್ದಕ್ಕೂ ಸೀಳಿರುವ ಪಟ್ಟಿ, ಇದ್ದರೆ ಒಳ್ಳೆಯದು. ಆನಿಂಗಿನ ಅಂಚಿನ ದಪ್ಪ ದಾರವನ್ನು ಅದರೊಳಗೆ ತೂರಿಸಿ ಎಳೆದರೆ ಸಂದಿ ಮುಚ್ಚುತ್ತದೆ. ಬರೀ ಹಗ್ಗ ಎಸೆದು ಆಚೆ ಕಟ್ಟಿದರೆ ಸಾಲದು. ವ್ಯಾನಿನ ಅಡಿಯ ಸಂದಿ ಮುಚ್ಚಲು ಕಟ್ಟುವ ಪಟ್ಟಿಯನ್ನೂ ಮರೆಯದೆ ಕೇಳಿ ತೆಗೆದುಕೊಳ್ಳಿ. ನೆಲದಿಂದ ರೈಲಿನವರೆಗೆ ಟೇಪ್ ಹಿಡಿದು ಅಳೆದ ಮೇಲೇ ಕೊಳ್ಳಿ. ಟ್ರಾನ್ಸ್‌ಪೋರ್ಟರ್ ಸುಮಾರು 2 ಮೀಟರ್ ಎತ್ತರ, ಅದಕ್ಕೆ 'ಲೋ', ಅಂದರೆ ಕಡಿಮೆ ಎತ್ತರದ ಅಳತೆ ಬೇಕು. ಎತ್ತರ ಹೊಂದದಿದ್ದರೆ ಸೇರುವ ಕಡೆ ಬಟ್ಟೆ ಜೋಲಿ ಬಿದ್ದು ನೀರು ನಿಲ್ಲುತ್ತದೆ. ಬಾಡಿಗೆ ವ್ಯಾನಾದರೆ ರೈಲು ಇದೆಯಾ, ಬಾಗಿಲು ಯಾವ ಕಡೆ ಅಂತ ಮೊದಲೇ ಕೇಳಿ. ಯುರೋಪಿನಿಂದ ತರಿಸಿದ ವ್ಯಾನುಗಳಲ್ಲಿ ಬಾಗಿಲು ಬಲಗಡೆಗಿರುತ್ತದೆ.

ಆನಿಂಗ್ ಎತ್ತಿ ನಿಲ್ಲಿಸಲು ಕಂಬವೋ, ಕೊಳವೆಯಂಥ ಗಾಳಿ ತುಂಬುವ ಬೀಮೋ? ನನ್ನ ಮತ ಬೀಮಿಗೆ. ಭಾರ ಜಾಸ್ತಿ, ಜಾಗವೂ ತಿನ್ನುತ್ತದೆ, ನಿಜ. ಆದರೂ ಡರ್ನೆಸ್‌ನ ಸ್ಯಾಂಗೋ ಸ್ಯಾಂಡ್ಸ್‌ನಲ್ಲಿ ಒಂದು ರಾತ್ರಿ ಕಳೆದರೆ ನೀವೂ ಒಪ್ಪುತ್ತೀರಿ. ಆ ಕ್ಯಾಂಪ್‌ಸೈಟ್ ಕಡಲ ಮೇಲಿನ ಬಂಡೆಯ ಅಂಚಿನಲ್ಲಿದೆ. ನೋಟ ಅದ್ಭುತ, ಮರೆ ಮಾತ್ರ ಇಲ್ಲ. ನಡುರಾತ್ರಿ ಗಾಳಿ ಎದ್ದಿತು. ಒಂದೊಂದು ಬೀಸಿಗೂ ಬೀಮು ಒಳಕ್ಕೆ ಬಾಗಿ, ಬಟ್ಟೆ ಮುಖದ ಹತ್ತಿರ ಬಂದು, ಮತ್ತೆ ಪಟ್ಟನೆ ಎದ್ದು ನಿಲ್ಲುತ್ತಿತ್ತು. ಪಕ್ಕದ ಟೆಂಟಿನ ಫೈಬರ್ ಕೋಲು ಲಟಕ್ಕನೆ ಸೀಳಿದ್ದು ನಮಗೇ ಕೇಳಿಸಿತು. ಅತ್ತೆ ತೀರ್ಥಹಳ್ಳಿಯ ಮಳೆಗಾಲ ಕಂಡವರು. ಅವರೇ ಬಾಗಿಲು ಸರಿಸಿ, "ಒಳಗೆ ಬಂದ್ಬಿಡ್ರೋ, ಕೂತ್ಕೊಂಡೇ ರಾತ್ರಿ ಕಳೆದ್ರಾಯ್ತು" ಅಂದರು. ಹೋಗುವ ಪ್ರಸಂಗ ಬರಲಿಲ್ಲ.

ಅದಕ್ಕೆ ಬೀಮಿನಷ್ಟೇ ಗೂಟವೂ ಕಾರಣ. ಆನಿಂಗ್ ಜೊತೆ ಕೊಡುವ ತೆಳ್ಳನೆಯ ಗೂಟ ಸುಮ್ನೆ ಲೆಕ್ಕಕ್ಕೆ. ಜಲ್ಲಿ ಹಾಕಿದ ಜಾಗಕ್ಕೆ ಗಟ್ಟಿ ಉಕ್ಕಿನ ಗೂಟ, ಕ್ಲಾಕ್ಟಾಲ್‌ನಂಥ ಮರಳು ನೆಲಕ್ಕೆ ಅಗಲ ಗೂಟ, ಒಂದು ಒಳ್ಳೆಯ ಸುತ್ತಿಗೆ ಬೇರೆಯಾಗಿ ಕೊಳ್ಳಿ. ಆನಿಂಗನ್ನು ನೆಲಕ್ಕೆ ಬಿಗಿಯುವ ಬಿರುಗಾಳಿ ಪಟ್ಟಿಯನ್ನು ಆಕಾಶ ತಿಳಿಯಾಗಿದ್ದರೂ ಕಟ್ಟಿಬಿಡಿ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬರುತ್ತದೆ. ಗಾಳಿ ಬರುವ ಕಡೆ ವ್ಯಾನನ್ನೇ ಅಡ್ಡ ನಿಲ್ಲಿಸಿ, ಅದರ ಮರೆಗೆ ಆನಿಂಗ್ ಹಾಕಿ.

ಗಾಳಿ ನಿಂತರೆ ಮಿಜ್ ಬರುತ್ತದೆ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೊಣ, ಕಚ್ಚಿದರೆ ಉರಿ. ಮೇಯಿಂದ ಸೆಪ್ಟೆಂಬರ್‌ವರೆಗೂ ಇದರ ಕಾಟ. ಸಾಮಾನ್ಯ ಸೊಳ್ಳೆಪರದೆಯಲ್ಲಿ ಇದು ನುಸುಳಿಬಿಡುತ್ತದೆ. ಕಿಟಕಿಗೆ ಮಿಜ್ ತಡೆಯುವ ತೀರಾ ಸಣ್ಣ ಕಣ್ಣಿನ ಬಲೆ ಇರುವ ಆನಿಂಗನ್ನೇ ಆರಿಸಿ.

ದಿನಾ ಹಾಕಿ ಬಿಚ್ಚುವ ಸಾಹಸ ಬೇಡ. ಒಂದು ಕಡೆ ಎರಡು ರಾತ್ರಿ ಉಳಿಯುವಂತೆ ಯೋಜಿಸಿ, ಅಲ್ಲಿ ಮಾತ್ರ ಹಾಕಿ. ಬುಕ್ ಮಾಡುವಾಗಲೇ ಆನಿಂಗ್ ಇದೆ ಅಂತ ತಿಳಿಸಿ, ಕೆಲವು ಕಡೆ ಅದಕ್ಕೆ ಬೇರೆ ದರವಿದೆ. ಪಕ್ಕದವರಿಂದ 6 ಮೀಟರ್ ದೂರವಿರಬೇಕು ಅನ್ನುವ ನಿಯಮವೂ ಸಾಮಾನ್ಯ. ಸ್ಕಾಟ್ಲೆಂಡಿನಲ್ಲಿ ಎಲ್ಲಿ ಬೇಕಾದರೂ ಟೆಂಟ್ ಹಾಕಬಹುದಂತೆ ಅಂತ ಯಾರಾದರೂ ಹೇಳಿದರೆ, ಹಾಗೆ ಟೆಂಟ್ ಹಾಕಲು ಬಿಡುವ 2003ರ ಕಾನೂನಿನ ಹಕ್ಕು ಮೋಟಾರು ವಾಹನಕ್ಕಿಲ್ಲ ಅನ್ನುವುದು ನೆನಪಿರಲಿ.

ಇನ್ನು ಅಡುಗೆ. ಒಗ್ಗರಣೆ ವಾಸನೆ ಸೀಟಿಗೆ ಹತ್ತುತ್ತದೆ ಅಂತ ಸ್ಟವ್ ತಂದು ಆನಿಂಗಿನೊಳಗೆ ಇಡಬೇಡಿ, ಎಷ್ಟೇ ಮಳೆಯಿದ್ದರೂ. ಬಟ್ಟೆಗೆ ಬೆಂಕಿ ಒಂದು ಭಯ, ಕಾರ್ಬನ್ ಮಾನಾಕ್ಸೈಡ್ ಅದಕ್ಕಿಂತ ದೊಡ್ಡದು. ವ್ಯಾನಿನ ಕಿಟಕಿ ತೆರೆದು ಅಲ್ಲಿನ ಒಲೆಯಲ್ಲೇ ಉಪ್ಪಿಟ್ಟು ಕೆದಕಿ.

ಕೊನೆಯ ದಿನ ಆನಿಂಗ್ ಒದ್ದೆಯಾಗೇ ಮಡಚಬೇಕಾಗುತ್ತದೆ, ಅದರದೇ ಚೀಲಕ್ಕೆ ಹಿಡಿಸುವುದೂ ಇಲ್ಲ. ದೊಡ್ಡ ಪ್ಲಾಸ್ಟಿಕ್ ಚೀಲ ಒಂದು ಜೊತೆಗಿರಲಿ. ಮನೆ ಮುಟ್ಟಿದ ಮೇಲೆ ಬೇಗ ಬಿಡಿಸಿ, ಮೆಟ್ಟಿಲ ಕಂಬಿಯ ಮೇಲಾದರೂ ಸರಿ, ಪೂರ್ತಿ ಒಣಗಿಸಿ. ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಆ ಕಲೆ ಆಮೇಲೆ ಹೋಗುವುದೇ ಇಲ್ಲ.