ಸ್ಕಂದಗಿರಿ ತಪ್ಪಿತು, ನಂದಿಯ ಮೆಟ್ಟಿಲು ಸಿಕ್ಕಿತು

ಬೆಳಕು ಹರಿಯುವ ಮೊದಲೇ ಚಿಕ್ಕಬಳ್ಳಾಪುರದ ಸ್ಕಂದಗಿರಿ ಬೆಟ್ಟದ ಬುಡದಲ್ಲಿ, ಪಾಪಾಗ್ನಿ ಮಠದ ಹತ್ತಿರ ಹನ್ನೊಂದು ಜನ ಚಳಿಯಲ್ಲಿ ನಡುಗುತ್ತ ನಿಂತಿದ್ದೆವು. ಅರಣ್ಯ ಇಲಾಖೆಯ ಕಾವಲುಗಾರರು ಹತ್ತುವವರ ಹೆಸರಿನ ಪಟ್ಟಿಯ ಮೇಲೆ ಟಾರ್ಚ್ ಬಿಟ್ಟು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದರು. ನಮ್ಮಲ್ಲಿ ಒಬ್ಬರ ಹೆಸರೂ ಅದರಲ್ಲಿ ಇರಲಿಲ್ಲ. ನಮ್ಮನ್ನು ಕರೆತಂದಿದ್ದ ಹುಡುಗ ಮೊಬೈಲ್ ಹಿಡಿದುಕೊಂಡು ಕತ್ತಲೆಯತ್ತ ಸರಿದ. ಹತ್ತು ನಿಮಿಷದ ಮೇಲೆ ಬಂದು, "ಸರ್ವರ್ ತೊಂದರೆಯಾಗಿದೆ, ಬೇರೆ ಕಡೆ ಇನ್ನೂ ಚೆನ್ನಾಗಿ ಸೂರ್ಯೋದಯ ತೋರಿಸುತ್ತೇನೆ" ಎಂದ. ಆ ಬೇರೆ ಕಡೆ ಒಂದು ಡಾಂಬರು ರಸ್ತೆ. ಜಲ್ಲಿ ತುಂಬಿದ ಟಿಪ್ಪರ್‌ಗಳು ಎಬ್ಬಿಸುವ ದೂಳಿನಲ್ಲಿ ನಾಲ್ಕು ಕಿಲೋಮೀಟರ್ ನಡೆದೆವು. ಸೂರ್ಯ ಒಂದು ಕೋಳಿ ಫಾರ್ಮಿನ ತಗಡಿನ ಹಿಂದೆ ಹುಟ್ಟಿದ.

ಇದಕ್ಕೆ ನಾವು ತೆತ್ತದ್ದು ತಲೆಗೆ 7,500 ರೂಪಾಯಿ. ಎರಡು ದಿನ ಮಾರ್ಗದರ್ಶಕರ ಜೊತೆ ಬೆಟ್ಟದ ನಡಿಗೆ, ಊರಿನ ಊಟ, ದ್ರಾಕ್ಷಿ ತೋಟದಲ್ಲಿ ವೈನ್ ರುಚಿ ಎಂದು ಪ್ರವಾಸ ಏರ್ಪಡಿಸಿದವರು ಹೇಳಿದ್ದರು. ತುಮಕೂರಿನಿಂದ ನಾನು, ನನ್ನ ಯಜಮಾನರು ಮತ್ತು ಅವರ ಅಕ್ಕ ಹೊರಟಿದ್ದೆವು. ಅತ್ತಿಗೆಗೆ ಅರವತ್ತೆರಡು ವರ್ಷ. ವಾರಕ್ಕೊಮ್ಮೆ ದೇವರಾಯನದುರ್ಗ ಹತ್ತಿ ಇಳಿಯುವವರು. ಸ್ಕಂದಗಿರಿಯನ್ನು ಒಮ್ಮೆ ನೋಡಬೇಕು ಎಂದು ಮೂರು ವರ್ಷದಿಂದ ಹೇಳುತ್ತಿದ್ದರು. ಆ ದಿನ ಅವರು ಏನೂ ಮಾತಾಡಲಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುವುದು ಅದಕ್ಕೇ.

ಹೋಗುವವರು ಇದೊಂದನ್ನು ತಿಳಿದಿರಿ. ಸ್ಕಂದಗಿರಿಗೆ ಟಿಕೆಟ್ ಸಿಗುವುದು ಆನ್‌ಲೈನ್‌ನಲ್ಲಿ, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ. ಹತ್ತುವವರ ಹೆಸರನ್ನು ಮೊದಲೇ ಬರೆಸಬೇಕು, ಗುರುತಿನ ಚೀಟಿ ಕೈಯಲ್ಲಿರಬೇಕು. ಯಾರೇ ಕರೆದುಕೊಂಡು ಹೋಗುತ್ತೇವೆ ಎಂದರೂ ಹಣ ಕಟ್ಟುವ ಮೊದಲು ಟಿಕೆಟ್ಟಿನ ಪ್ರತಿ ಕಳಿಸಲು ಹೇಳಿ. ಅದರಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ ಹಣ ಕೊಡಬೇಡಿ. ಕಾವಲುಗಾರರ ಮೇಲೆ ರೇಗುವುದರಲ್ಲಿ ಅರ್ಥವಿಲ್ಲ. ಅವರು ತಮ್ಮ ಕೆಲಸವನ್ನು ಮರ್ಯಾದೆಯಿಂದಲೇ ಮಾಡಿದರು, ಚಳಿ ಎಂದು ಅತ್ತಿಗೆಗೆ ತಮ್ಮ ಬೆಂಕಿಯ ಪಕ್ಕ ಜಾಗ ಬಿಟ್ಟರು.

ಕೋಣೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದ್ರಾಕ್ಷಿ ತೋಟದ ಕಡೆಗೆ ಕಿಟಕಿ ಎಂದಿದ್ದರು. ಕಿಟಕಿ ತೆಗೆದರೆ ಜನರೇಟರ್. ಊಟದ್ದು ಮಾತ್ರ ಹೇಳಲೇಬೇಕು. ಊರಿನ ಊಟ ಎಂದು ಬಡಿಸಿದ್ದು ಪನೀರ್, ನಾನ್, ಜೀರಾ ರೈಸ್. ಕೇಳಿದ್ದಕ್ಕೆ ಒಂದು ತಟ್ಟೆಯಲ್ಲಿ ನಿಂಬೆಹಣ್ಣಿನ ಗಾತ್ರದ ಮುದ್ದೆಗಳನ್ನು ತಂದಿಟ್ಟರು. ಮುಟ್ಟಿದರೆ ತಣ್ಣಗೆ, ಮುರಿದರೆ ನಡುವೆ ಹಸಿ ಹಿಟ್ಟು. ಜನವರಿ ಕೊನೆಯ ವಾರ, ಸುತ್ತಲಿನ ಸಂತೆಗಳಲ್ಲೆಲ್ಲ ಅವರೆಕಾಯಿ ರಾಶಿ ಬಿದ್ದಿರುವ ಕಾಲ. ಅವರು ಬಡಿಸಿದ್ದರಲ್ಲಿ ಒಂದು ಅವರೆಕಾಳೂ ಇರಲಿಲ್ಲ.

ಹಣಕ್ಕೆ ಮೋಸವಾಗಲಿಲ್ಲ ಎನ್ನಿಸಿದ್ದು ದ್ರಾಕ್ಷಿ ತೋಟದಲ್ಲಿ ಮಾತ್ರ, ಅದೂ ಅಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿನಿಂದ. ನಮ್ಮ ಹುಡುಗ ತೋಟದ ಬಾಗಿಲಲ್ಲೇ ಫೋನಿನಲ್ಲಿ ಉಳಿದುಕೊಂಡ. ಆಕೆ ಸಾಲಿನಲ್ಲಿ ಎಲೆ ಕೀಳುತ್ತಿದ್ದರು. ಅತ್ತಿಗೆ ಮಾತಿಗೆಳೆದರು. ತಿನ್ನುವ ದ್ರಾಕ್ಷಿಯನ್ನು ಚಪ್ಪರಕ್ಕೆ ಹಬ್ಬಿಸುತ್ತಾರೆ, ವೈನಿನ ದ್ರಾಕ್ಷಿಯನ್ನು ಬೇಲಿಯ ಹಾಗೆ ತಂತಿಗೆ ಕಟ್ಟಿ ನೆಟ್ಟಗೆ ನಿಲ್ಲಿಸುತ್ತಾರೆ. ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ, ಬೇಸಿಗೆಯಲ್ಲಿ ಕಡ್ಡಿ ಬೆಳೆಯಲು, ಮಳೆ ಹಿಂದೆಗೆದ ಮೇಲೆ ಹಣ್ಣು ಹಿಡಿಯಲು. ಆಕೆ ಒಂದು ಕಪ್ಪು ಹಣ್ಣನ್ನು ಕಿತ್ತು ನನ್ನ ಅಂಗೈ ಮೇಲೆ ಹಿಂಡಿದರು. ಬಟಾಣಿಗಿಂತ ತುಸು ದೊಡ್ಡ ಹಣ್ಣು, ತುಂಬ ಬೀಜ. ರಸ ಬಣ್ಣವಿಲ್ಲದೆ ನೀರಿನ ಹಾಗೆ ಬಂತು. ಸಿಪ್ಪೆಯನ್ನು ಬೆರಳಲ್ಲಿ ತಿಕ್ಕಿದಾಗ ನೇರಳೆ ಬಣ್ಣ ಹತ್ತಿತು. "ಬಣ್ಣವೆಲ್ಲ ಸಿಪ್ಪೆಯಲ್ಲೇ ಇರುವುದು ನೋಡಮ್ಮ. ಕೆಂಪಿಗೆ ಸಿಪ್ಪೆಯ ಜೊತೆಯಲ್ಲೇ ಹುಳಿ ಬರಿಸುತ್ತಾರೆ, ಬಿಳಿಗೆ ರಸ ಮಾತ್ರ ತೆಗೆಯುತ್ತಾರೆ" ಎಂದರು. ಒಳಗೆ ಸ್ಟೀಲ್ ತೊಟ್ಟಿಗಳ ಮುಂದೆ ಇಂಗ್ಲಿಷಿನಲ್ಲಿ ಅರ್ಧ ಗಂಟೆ ಕೇಳಿದ್ದರಲ್ಲಿ ಇಷ್ಟು ಸ್ಪಷ್ಟವಾಗಿ ಏನೂ ತಿಳಿಯಲಿಲ್ಲ.

ನಮ್ಮ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿ ಕೂಡ ವೈನಿಗೆ ಹೋಗುತ್ತದೆ, ಹೆಚ್ಚಾಗಿ ಸಿಹಿ ವೈನಿಗೆ. ಬಾಯಿಗಿಟ್ಟರೆ ಸಿಪ್ಪೆಯಿಂದ ತಿರುಳು ಜಾರಿ ಹೊರಗೆ ಬರುವ, ಕೋಣೆಯಲ್ಲಿಟ್ಟರೆ ಮನೆಯೆಲ್ಲ ಘಮ್ಮೆನ್ನುವ ಆ ಹಣ್ಣೇ. ಈ ನೆಲದ್ದೇ ಬೆಳೆ ಎಂದು ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು ಅದು. ರುಚಿ ನೋಡಲು ಕೊಟ್ಟ ಐದು ಲೋಟಗಳಲ್ಲಿ ಅದರದ್ದೊಂದೂ ಇರಲಿಲ್ಲ. ಕೇಳಿ ಪಡೆಯಿರಿ.

ನಾನು ವೈನ್ ಕುಡಿದದ್ದು ಅದೇ ಮೊದಲು. ಯಜಮಾನರು ಮುಟ್ಟಲಿಲ್ಲ, ಅವರಿಗೆ ದ್ರಾಕ್ಷಿ ರಸ ಕೊಟ್ಟರು. ಬಿಳಿಯದರಲ್ಲಿ ಒಂದಕ್ಕೆ ಸೀಬೆಹಣ್ಣಿನ ವಾಸನೆ, ಮುಚ್ಚುಮರೆಯಿಲ್ಲದೆ ಸೀಬೆಹಣ್ಣಿನದೇ. ಕೆಂಪು ಎಳೆ ಅಡಿಕೆ ಅಗಿದ ಹಾಗೆ ಒಗರು. ಬಿಳಿಯ ಒಂದು ಬಾಟಲಿ ಕೊಂಡುತಂದು ಮನೆಯಲ್ಲಿ ಅಡುಗೆಯ ಜೊತೆ ನೋಡಿದೆ. ಕೆಂಪನ್ನು ಅತ್ತಿಗೆ ತಂದಿದ್ದರು. ನನ್ನ ಅಭಿಪ್ರಾಯ ಇಷ್ಟು: ಖಾರದ ಸಾರಿನ ಜೊತೆ ಕೆಂಪು ಬೇಡ, ಖಾರಕ್ಕೆ ಆ ಒಗರು ಇನ್ನೂ ಏರಿ ನಾಲಿಗೆ ಬಿರುಸಾಗುತ್ತದೆ. ತಣ್ಣಗಿನ ಬಿಳಿ ಅವರೆಕಾಳಿನ ಉಸಲಿಗೆ ಚೆನ್ನಾಗಿ ಹೊಂದಿತು. ತೋಟದಲ್ಲಿ ವೈನಿನ ಜೊತೆ ಕೊಟ್ಟದ್ದು ಚೀಸ್ ತುಂಡು ಮತ್ತು ಚಿಪ್ಸ್. ಊರಿನ ತಿಂಡಿ ಎಂದು ಮೊದಲು ಹೇಳಿದ್ದರು, ನೆನಪಿರಲಿ.

ಭಾನುವಾರ ಸಂಜೆ ಉಳಿದವರು ವಾಪಸ್ಸು ಹೊರಟರು. ನಾವು ಮೂವರು ನಂದಿ ಗ್ರಾಮದಲ್ಲಿ ಒಂದು ಮನೆಯ ಮಹಡಿಯ ಮೇಲೆ ಚಾಪೆ ಹಾಸಿ ಮಲಗಿದೆವು. 600 ರೂಪಾಯಿ, ಬಿಸಿನೀರು ಹಂಡೆಯಲ್ಲಿ. ಮೆತ್ತನೆಯ ಹಾಸಿಗೆ ಬೇಕೆನ್ನುವವರಿಗೆ ಇದು ಆಗದು. ನನಗೆ ಜನರೇಟರ್ ಸದ್ದಿಗಿಂತ ಸಾವಿರ ಪಾಲು ಹಿತವಾಗಿತ್ತು.

ಸೋಮವಾರ ಬೆಳಿಗ್ಗೆ ಭೋಗನಂದೀಶ್ವರನನ್ನು ನೋಡಿಕೊಂಡು ಸುಲ್ತಾನ್‌ಪೇಟೆಯಿಂದ ನಂದಿ ಬೆಟ್ಟಕ್ಕೆ ಹತ್ತುವ ಹಳೆಯ ಮೆಟ್ಟಿಲು ಹಿಡಿದೆವು. ಕೆಳಗೆ ಅರುಣಾಚಲೇಶ್ವರನ ಗುಡಿಯಲ್ಲಿ ಶಿವನ ಬಾಲ್ಯ, ಪಕ್ಕದ ಭೋಗನಂದೀಶ್ವರನಲ್ಲಿ ಯೌವನ, ಬೆಟ್ಟದ ಮೇಲೆ ಯೋಗನಂದೀಶ್ವರನಲ್ಲಿ ವೈರಾಗ್ಯ ಎಂದು ಹೇಳುತ್ತಾರೆ. ಕಾರಿನಲ್ಲಿ ಮೇಲೆ ಹೋಗಿ ಕಾರಿನಲ್ಲೇ ಇಳಿದರೆ ಈ ಮಾತು ಕಿವಿಯ ಮೇಲೆ ಬಿದ್ದು ಹೋಗುತ್ತದೆ. ಕೆಳಗಿನ ಗುಡಿಯ ಕಲ್ಲಿನ ಗಿಳಿಗಳನ್ನು ನೋಡಿ, ಶೃಂಗಿ ತೀರ್ಥದ ಮೆಟ್ಟಿಲ ಮೇಲೆ ಸ್ವಲ್ಪ ಕೂತು, ಆಮೇಲೆ ಮೈ ಬೆವರಿಸಿಕೊಂಡು ಮೇಲಿನ ಗುಡಿ ಮುಟ್ಟಿದರೆ ಅದು ಮೈಗೇ ತಿಳಿಯುತ್ತದೆ.

ದಾರಿ ತೋರಿಸಲು ಸುಲ್ತಾನ್‌ಪೇಟೆಯ ಹಿರಿಯರೊಬ್ಬರು ಬಂದರು. ಹುಡುಗನಾಗಿದ್ದಾಗಿನಿಂದ ಮೇಕೆ ಮೇಯಿಸಿದವರು. ಎಷ್ಟು ಕೊಡಬೇಕು ತಾತ ಎಂದದ್ದಕ್ಕೆ "ನಿಮಗೆ ತೋಚಿದಷ್ಟು ಕೊಡಿ ತಾಯಿ" ಎಂದರು. ನಾವು 500 ಕೊಟ್ಟೆವು, ನೀವು ಅದಕ್ಕಿಂತ ಕಡಿಮೆ ಕೊಡಬೇಡಿ. ಹಳದಿ ಹೂವಿನ ತಂಗಡಿ ತೋರಿಸಿ, ಇದರ ತೊಗಟೆಯಲ್ಲೇ ಹಿಂದೆ ಚರ್ಮ ಹದ ಮಾಡುತ್ತಿದ್ದರು ಎಂದರು. ಬಂದರಿಕೆಯ ಸೊಪ್ಪು ಕಿವುಚಿ ಮೂಸಿ ನೋಡಲು ಕೊಟ್ಟರು. ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಅತ್ತಿಗೆ ನಿಂತಲ್ಲೆಲ್ಲ ತಾನೂ ನಿಂತು, ತನಗೇ ದಣಿವಾದಂತೆ ಕಲ್ಲಿನ ಮೇಲೆ ಕೂರುತ್ತಿದ್ದರು. ಕೋಟೆ ಬಾಗಿಲು ಬಂದಾಗ ಗೋಡೆ ತಟ್ಟಿ, ಇದನ್ನು ಹತ್ತಿ ಬಂದರೆಂದರೆ ಅವರೂ ಗಟ್ಟಿಗರೇ ಎಂದರು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಈ ದುರ್ಗವನ್ನು ಕಿತ್ತುಕೊಂಡ ಸುದ್ದಿ ಅದು. ಬಂಡೆಯ ಕಡಿದನ್ನು ಕೆಳಗಿನಿಂದ ನಡೆದು ಬಂದು ನೋಡಿದ ಮೇಲೆ ನನಗೂ ಹಾಗೆಯೇ ಅನ್ನಿಸಿತು.

ಮೆಟ್ಟಿಲು ಕೆಲವು ಕಡೆ ಸವೆದಿದೆ, ಕೆಲವು ಕಡೆ ಗಿಡ ಮುಚ್ಚಿದೆ. ಮಳೆಗಾಲದಲ್ಲಿ ಬೇಡ. ದಾರಿ ತೆರೆದಿದೆಯೇ ಎಂದು ಹಿಂದಿನ ದಿನವೇ ಊರಿನಲ್ಲಿ ಕೇಳಿಕೊಳ್ಳಿ. ಮೇಲೆ ಸೋಮವಾರವೂ ಜನವಿತ್ತು. ಶನಿವಾರ, ಭಾನುವಾರ ಹೋಗುವವರಿಗೆ ನಾನು ಏನೂ ಹೇಳಲಾರೆ, ನನಗೆ ಆ ಗದ್ದಲ ತಡೆಯುವುದಿಲ್ಲ. ತಿಂಡಿಯನ್ನು ಚೀಲದ ಹೊರಗೆ ಇಡಬೇಡಿ, ಕೋತಿಗಳು ಬಿಡುವುದಿಲ್ಲ.

ಇನ್ನು ಊಟ. ನಂದಿ ಗ್ರಾಮದಲ್ಲಿ ದೇವಸ್ಥಾನದಿಂದ ಸ್ವಲ್ಪ ಒಳಗೆ, ಹೆಂಚಿನ ಮನೆಯ ಜಗಲಿಯಲ್ಲಿ ಎರಡು ಬೆಂಚು ಹಾಕಿ ಊಟ ಬಡಿಸುವ ಒಬ್ಬ ಅಕ್ಕ ಇದ್ದಾರೆ. ಹೊರಗೆ ಫಲಕವಿಲ್ಲ, ಯಾರನ್ನು ಕೇಳಿದರೂ ತೋರಿಸುತ್ತಾರೆ. ಬೆಟ್ಟ ಹತ್ತುವ ಮೊದಲೇ ಹೇಳಿಟ್ಟು ಹೋಗಬೇಕು, ಒಂದು ಪಾತ್ರೆ ಸಾರು ಮುಗಿದರೆ ಅಂದಿಗೆ ಮುಗಿಯಿತು. ನಾವು ಬೆಳಿಗ್ಗೆ ಹೇಳಲು ಹೋದಾಗ ಅವರೂ ಅವರ ಸೊಸೆಯೂ ರಾತ್ರಿ ನೆನೆಸಿದ್ದ ಅವರೆಕಾಳನ್ನು ಹಿತಕುತ್ತ ಕೂತಿದ್ದರು. ಹೆಬ್ಬೆರಳು, ತೋರುಬೆರಳ ನಡುವೆ ಒಂದು ಒತ್ತು. ಬೇಳೆ ಚಿಮ್ಮಿ ಬುಟ್ಟಿಗೆ, ಸಿಪ್ಪೆ ಮೊರಕ್ಕೆ. ಅವರು ಅದನ್ನು ಪಿತಿಕಿಪಪ್ಪು ಎನ್ನುತ್ತಾರೆ, ನಾವು ಹಿತಕಿದ ಬೇಳೆ ಎನ್ನುತ್ತೇವೆ. ಅತ್ತಿಗೆ ಕೂತು ಒಂದು ಹಿಡಿ ಹಿತಕಿಕೊಟ್ಟರು.

ಮಧ್ಯಾಹ್ನ ಒಂದೂವರೆಗೆ ಇಳಿದು ಬಂದಾಗ ಒಳಗೆ ಮುದ್ದೆ ತೊಳಸುವ ಸದ್ದು. ಪಾತ್ರೆಯನ್ನು ಕಾಲಲ್ಲಿ ಅದುಮಿ ಹಿಡಿದು ಎರಡು ಕೈಯಲ್ಲೂ ಕೋಲು ತಿರುವುತ್ತಿದ್ದರು. ಒದ್ದೆ ಮಣೆಯ ಮೇಲೆ ಉರುಳಿಸಿ ನೇರ ತಟ್ಟೆಗೇ ಇಟ್ಟರು. ಗಂಟಿಲ್ಲ, ಕೈಗೆ ಅಂಟುವುದಿಲ್ಲ, ಬೆರಳು ಸುಡುವಷ್ಟು ಬಿಸಿ. ಸಾರಿಗೆ ಕೊತ್ತಂಬರಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಕಾಯಿ, ಒಂದಿಷ್ಟು ಚಕ್ಕೆ ಲವಂಗ, ಅದರ ಮೇಲೆ ಸೊಗಡು. ಮಂಜು ಬಿದ್ದ ಹೊಲದ ಅವರೆಯ ಆ ಸೊಗಡು ಮೊದಲ ತುತ್ತಿಗೇ ಮೂಗಿಗೆ ಏರಿತು. ಯಜಮಾನರು ಮೂರು ಮುದ್ದೆ ನುಂಗಿದರು. ಅನ್ನ, ಮಜ್ಜಿಗೆ, ಹುರಿದ ಹಸಿಮೆಣಸಿನಕಾಯಿ ಸೇರಿ ತಲೆಗೆ 80 ರೂಪಾಯಿ. ಮೂರನೆಯ ಮುದ್ದೆಗೆ ದುಡ್ಡು ಕೊಡಲು ಹೋದರೆ ಬೈದರು.

ಲೆಕ್ಕ ಹಾಕಿ ನೋಡಿದೆ. ಸೋಮವಾರದ ನಡಿಗೆ, ಊಟ, ಹಿಂದಿನ ರಾತ್ರಿಯ ಚಾಪೆ ಎಲ್ಲ ಸೇರಿ ಮೂವರಿಗೆ ಒಂದೂವರೆ ಸಾವಿರ ಮುಟ್ಟಲಿಲ್ಲ. ವೈನ್ ತೋಟಕ್ಕೆ ನೀವೇ ಮುಂಗಡ ಹೇಳಿ ಹೋಗಬಹುದು, ನಡುವೆ ಯಾರೂ ಬೇಕಿಲ್ಲ. ಗಾಂಧಿ ಜಯಂತಿ, ಚುನಾವಣೆಯಂಥ ದಿನ ಹೋದರೆ ರುಚಿ ನೋಡಲು ಸಿಗುವುದಿಲ್ಲ. ಕುಡಿದ ದಿನ ಬೆಟ್ಟ ಹತ್ತಬೇಡಿ, ಬೆಟ್ಟ ಮೊದಲು, ತೋಟ ಮರುದಿನ. ಬೆಂಗಳೂರಿನಿಂದ ಬರುವವರಿಗೆ ನಂದಿ ಹಾಲ್ಟ್ ನಿಲ್ದಾಣದಿಂದ ದೇವಸ್ಥಾನ ನಡೆಯುವಷ್ಟೇ ದೂರ, ಆದರೆ ರೈಲುಗಳು ಕಡಿಮೆ, ವೇಳೆ ನೋಡಿಕೊಂಡು ಬನ್ನಿ. ನಾವು ದೊಡ್ಡಬಳ್ಳಾಪುರ, ದಾಬಸ್‌ಪೇಟೆಯ ಮೇಲೆ ಬಸ್ಸು ಬದಲಿಸಿ ಊರು ಸೇರಿದೆವು.

ಹೊರಡುವಾಗ ಅತ್ತಿಗೆ ಮುಂದಿನ ತಿಂಗಳು ಸ್ಕಂದಗಿರಿಗೆ ನಾವೇ ಟಿಕೆಟ್ ಮಾಡಿಸಿಕೊಂಡು ಬರುತ್ತೇವೆ, ಊಟಕ್ಕೆ ಇಲ್ಲಿಗೇ ಎಂದರು. ಆ ಅಕ್ಕ ಮೊರದಲ್ಲಿದ್ದ ಸಿಪ್ಪೆಯನ್ನು ಹಸುವಿನ ಮುಂದೆ ಸುರಿಯುತ್ತ, "ಶಿವರಾತ್ರಿಯ ಒಳಗೆ ಬನ್ನಿ. ಆಮೇಲೆ ಸೊಗಡು ಇರುವುದಿಲ್ಲ, ಹುರುಳಿ ಸಾರೇ ಮಾಡಬೇಕು" ಎಂದರು.